ಬಾವಿಗೆ ಕಟ್ಟೆ ಇದೆ, ಹೊಳೆಗೆ ಇಲ್ಲ: ದೋಣಿಯಿಂದ ನೀರಿಗೆ ಬಿದ್ದದ್ದನ್ನು ಹುಡುಕುವ ಬಗೆ

ಉಂಗುರ ನೀರಿಗೆ ಬಿದ್ದಾಗ ಸದ್ದೂ ಆಗಲಿಲ್ಲ. ಹೊನ್ನಾವರದ ಹತ್ತಿರ, ಶರಾವತಿ ಕಡಲು ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುವ ಕಡೆ, ಕಾಂಡ್ಲಾ ಗಿಡಗಳ ನಡುವೆ ನಮ್ಮ ದೋಣಿ ಹೋಗುತ್ತಿತ್ತು. ಡಿಸೆಂಬರ್ ತಿಂಗಳ ಬೆಳಗು. ಅತ್ತಿಗೆ ಕೈಯನ್ನು ನೀರಿಗೆ ಇಳಿಬಿಟ್ಟು ಕುಳಿತಿದ್ದರು. ತಣ್ಣೀರಿನಲ್ಲಿ ಬೆರಳು ತುಸು ಸಣ್ಣಗಾಗುತ್ತದೆ, ಒದ್ದೆ ಚರ್ಮ ಜಾರುತ್ತದೆ. ಉಂಗುರ ಸರಿದದ್ದು ಅವರಿಗೆ ಗೊತ್ತಾಯಿತು, ಹಿಡಿಯಲು ಆಗಲಿಲ್ಲ.

ನಾವೆಲ್ಲ ಒಂದೇ ಮಗ್ಗುಲಿಗೆ ಬಾಗಿದೆವು. ದೋಣಿ ವಾಲಿತು. "ಅಕ್ಕಾ, ಏಳಬೇಡಿ. ಯಾರೂ ಏಳಬೇಡಿ" ಎಂದು ದೋಣಿಯವರು ಕೂಗಿದರು. ಕೂಗುತ್ತಲೇ ಕಾಲಬುಡದಲ್ಲಿದ್ದ ಖಾಲಿ ಎಣ್ಣೆ ಕ್ಯಾನನ್ನು ನೀರಿಗೆ ಎಸೆದರು. ಅದಕ್ಕೊಂದು ಹಗ್ಗ, ಹಗ್ಗದ ತುದಿಗೆ ಕಲ್ಲು. ಬಲೆ ಬಿಟ್ಟ ಜಾಗದ ಗುರುತಿಗೆಂದು ಇಟ್ಟುಕೊಂಡದ್ದು. ಆಮೇಲೆ ಅವರು ನೀರಿನ ಕಡೆ ನೋಡಲೇ ಇಲ್ಲ. ಮೊದಲು ಎಡದ ದಡವನ್ನು, ಆಮೇಲೆ ದೂರದ ಸೇತುವೆಯನ್ನು ನೋಡಿದರು. ಅತ್ತಿಗೆಯ ಕಣ್ಣು ತುಂಬಿ ಬಂದಿರುವಾಗ ಈ ಮನುಷ್ಯ ತೆಂಗಿನ ಮರ ಎಣಿಸುತ್ತಿದ್ದಾರಲ್ಲ ಎಂದು ನನಗೆ ಸಿಟ್ಟು ಬಂದಿತ್ತು.

ತಿಳಿಯದವನ ಸಿಟ್ಟು ಅದು. ಹಂಪಿಯ ಹರಿಗೋಲು, ದಾಂಡೇಲಿಯ ರಾಫ್ಟಿಂಗ್, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿ ಎಂದು ರಜೆ ಬಂದರೆ ನೀರಿಗಿಳಿಯುವವರು ನಾವು. ಸೆಲ್ಫಿ ತೆಗೆಯುವಾಗ ಮೊಬೈಲ್, ಬಗ್ಗಿದಾಗ ಸರ, ದಡಕ್ಕೆ ಹಾರುವಾಗ ಕಾರಿನ ಕೀಲಿ ಕೈ ಬಿಡುತ್ತವೆ. ಹೋದದ್ದು ಹೋಯಿತು ಎಂದು ಕೈಚೆಲ್ಲುವವರೇ ಹೆಚ್ಚು. ಆದರೆ ಅವುಗಳಲ್ಲಿ ಸಾಕಷ್ಟನ್ನು ಹಿಂದಕ್ಕೆ ತರಬಹುದು. ಅದು ಹೇಗೆ, ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದನ್ನು ನೋಡೋಣ.

ಪಾತಾಳಗರಡಿಯ ಪಾಠ

ಬಾವಿ ಇದ್ದ ಮನೆಯವರಿಗೆ ಈ ವಿದ್ಯೆ ಹೊಸದಲ್ಲ. ಕೊಡ ಬಾವಿಗೆ ಬಿದ್ದರೆ ಪಾತಾಳಗರಡಿ ತರುತ್ತಿದ್ದರು. ಒಂದು ಕಬ್ಬಿಣದ ಬಳೆ, ಅದರಿಂದ ಜೋತುಬಿದ್ದ ಹತ್ತಾರು ಕೊಕ್ಕೆಗಳು, ಮೇಲೆ ಹಗ್ಗ. ಊರಿನ ಒಂದೆರಡು ಮನೆಗಳಲ್ಲಿ ಮಾತ್ರ ಇರುತ್ತಿದ್ದ ವಸ್ತು ಅದು. ನಮ್ಮ ಕೇರಿಯಲ್ಲಿ ಅದನ್ನು ಒಯ್ಯುವವರು ಒಂದು ಚೊಂಬನ್ನು ಅಡ ಇಟ್ಟು ಹೋಗಬೇಕಿತ್ತು. ಇಲ್ಲದಿದ್ದರೆ ಗರಡಿ ಹಿಂದಕ್ಕೆ ಬರುತ್ತಿರಲಿಲ್ಲ. ಗರಡಿಯನ್ನು ಬಾವಿಯ ತಳ ಮುಟ್ಟುವವರೆಗೆ ಇಳಿಸಿ, ಒಂದು ಗೇಣು ಮೇಲೆತ್ತಿ, ನಿಧಾನವಾಗಿ ಸುತ್ತ ಆಡಿಸಬೇಕು. ಕೊಡದ ಕಂಠಕ್ಕೆ ಕೊಕ್ಕೆ ಸಿಕ್ಕಿದಾಗ ಹಗ್ಗದಲ್ಲಿ ಸಣ್ಣದೊಂದು ತಡೆ ಬರುತ್ತದೆ. ಕಣ್ಣಿಗೆ ಕಾಣದ, ಕಿವಿಗೆ ಕೇಳದ ಅದು ಬೆರಳಿಗೆ ಮಾತ್ರ ಗೊತ್ತಾಗುತ್ತದೆ.

ಅಷ್ಟು ಆಳದಿಂದ, ಏನೂ ಕಾಣದ ನೀರಿನಿಂದ ಕೊಡ ಸಿಗುತ್ತಿದ್ದುದು ಹೇಗೆ? ಮುಖ್ಯ ಕಾರಣ ಬಾವಿಯ ಕಟ್ಟೆ. ಕೊಡ ಎಲ್ಲೇ ಬಿದ್ದಿರಲಿ, ಆ ಸುತ್ತುಗೋಡೆಯ ಒಳಗೇ ಇರಬೇಕು. ಜೊತೆಗೆ ಬಾವಿಯ ನೀರು ಹರಿಯುವುದಿಲ್ಲ, ಕೊಡಕ್ಕೆ ಕೊಕ್ಕೆ ಹಿಡಿಯಲು ಕಂಠವಿದೆ.

ಹೊಳೆಗೆ ಕಟ್ಟೆ ಇಲ್ಲ. ನೀರು ನಿಲ್ಲುವುದಿಲ್ಲ. ಉಂಗುರಕ್ಕೆ ಕಂಠವೂ ಇಲ್ಲ. ಹಾಗಾಗಿ ಹೊಳೆಯಲ್ಲಿ ಹುಡುಕುವವರು ಮೊದಲು ಮಾಡಬೇಕಾದ ಕೆಲಸ ಇಲ್ಲದ ಕಟ್ಟೆಯನ್ನು ಕಟ್ಟಿಕೊಳ್ಳುವುದು, ಅಂದರೆ ವಸ್ತು ಈ ಸುತ್ತಿನೊಳಗೇ ಇದೆ ಎಂದು ಹೇಳಬಲ್ಲ ಒಂದು ವೃತ್ತವನ್ನು ಗುರುತಿಸುವುದು. ಮುಳುಗುವುದು, ಉಪಕರಣ ತರುವುದು ಎಲ್ಲ ಅದಾದ ಮೇಲಿನ ಮಾತು.

ಆ ವೃತ್ತ ಎಷ್ಟು ದೊಡ್ಡದು?

ಲೆಕ್ಕ ಸರಳ. ಬಿದ್ದ ಜಾಗ ನಮಗೆ 5 ಮೀಟರ್ ಆಚೀಚೆಯಲ್ಲಿ ಗೊತ್ತಿದ್ದರೆ ಹುಡುಕಬೇಕಾದ ತಳ ಸುಮಾರು 78 ಚದರ ಮೀಟರ್. ಬೆಂಗಳೂರಿನ ಮೂವತ್ತು-ನಲವತ್ತರ ಒಂದು ಸೈಟಿಗಿಂತ ಕಡಿಮೆ. "ಅಲ್ಲೆಲ್ಲೋ, ಒಂದು 20 ಮೀಟರ್ ಆಚೀಚೆ" ಎಂದರೆ 1,256 ಚದರ ಮೀಟರ್. ಅಂಥ ಹನ್ನೊಂದು ಸೈಟುಗಳು. ಅಂದಾಜು ನಾಲ್ಕು ಪಟ್ಟು ಸಡಿಲವಾದರೆ ಕೆಲಸ ಹದಿನಾರು ಪಟ್ಟು ಹೆಚ್ಚುತ್ತದೆ. ಹನ್ನೊಂದು ಸೈಟುಗಳ ಕೆಸರನ್ನು ಬೆರಳಿನಿಂದ ತಡಕುವುದನ್ನು ಊಹಿಸಿಕೊಳ್ಳಿ.

ದೋಣಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಹತ್ತು ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. "ಅಯ್ಯೋ, ಏನಾಯಿತು, ಎಲ್ಲಿ ಬಿತ್ತು" ಎಂದು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಮುಗಿಯುವ ಹೊತ್ತು ಅದು. ಎಂಜಿನ್ ನಿಂತರೂ ದೋಣಿ ನಿಲ್ಲುವುದಿಲ್ಲ. ಗಾಳಿ ಒಂದು ಕಡೆ, ಹರಿವು ಇನ್ನೊಂದು ಕಡೆ ಎಳೆಯುತ್ತದೆ. ನಾವು ಮಾತ್ರ "ಇಲ್ಲೇ, ದೋಣಿಯ ಪಕ್ಕದಲ್ಲೇ" ಎಂದು ತೋರಿಸುತ್ತಿರುತ್ತೇವೆ. ಹಡಗಿನಿಂದ ಕತ್ತಿ ಬಿದ್ದಾಗ ಹಡಗಿನ ಅಂಚಿಗೆ ಗುರುತು ಹಾಕಿದವನ ಕತೆಯೇ ಇದು.

ಅದಕ್ಕೇ ದೋಣಿಯವರು ಕ್ಯಾನ್ ಎಸೆದದ್ದು. ಹಗ್ಗದ ತುದಿಗೆ ಭಾರ, ಮೇಲೆ ತೇಲುವ ಬೆಂಡು: ದೋಣಿ ಸರಿದರೂ ಸರಿಯದ ಗುರುತು. ಕ್ಯಾನ್ ಇಲ್ಲದಿದ್ದರೆ ಹಗ್ಗ ಕಟ್ಟಿದ ನೀರಿನ ಬಾಟಲಿ, ಇನ್ನೊಂದು ತುದಿಗೆ ಏನಾದರೂ ಭಾರ ಸಾಕು. ಅದೂ ಇಲ್ಲದಿದ್ದರೆ ಲಂಗರು ಬಿಡುವುದು.

ಎರಡು ಗೆರೆ ಕೂಡಿದ ಜಾಗ

ಇನ್ನು ತೆಂಗಿನ ಮರದ ವಿಚಾರ. ನೀರಿನ ಮೇಲೆ ಗುರುತು ಹಾಕಲಾಗದು, ದಡದ ಮೇಲೆ ಗುರುತು ಮೊದಲೇ ಇದೆ. ನಮ್ಮ ದೋಣಿಯವರು ಹಿಡಿದ ಗೆರೆಗಳನ್ನೇ ತೆಗೆದುಕೊಳ್ಳಿ. ಎಡದಂಡೆಯಲ್ಲಿ ಬಾಗಿದ ಒಂದು ತೆಂಗು. ಅದರ ಸರಿಯಾಗಿ ಹಿಂದೆ, ಸ್ವಲ್ಪ ಮೇಲೆ, ಒಂದು ಮನೆಯ ಹೆಂಚಿನ ಮಾಡಿನ ತುದಿ. ಇವೆರಡೂ ಒಂದರ ಹಿಂದೆ ಒಂದು ಕಾಣಬೇಕಾದರೆ ನಾವು ಒಂದು ನಿರ್ದಿಷ್ಟ ಗೆರೆಯ ಮೇಲೇ ಇರಬೇಕು. ಎರಡು ಮಾರು ಮುಂದೆ ಹೋದರೆ ಮಾಡಿನ ತುದಿ ತೆಂಗಿನ ಬಲಕ್ಕೆ ಜಾರುತ್ತದೆ, ಹಿಂದೆ ಬಂದರೆ ಎಡಕ್ಕೆ. ಇದು ಒಂದು ಗೆರೆ. ಇನ್ನೊಂದು ಗೆರೆಯನ್ನು ಆದಷ್ಟು ಅಡ್ಡ ದಿಕ್ಕಿನಲ್ಲಿ ಹಿಡಿಯಬೇಕು: ಹೊಳೆಯಲ್ಲಿ ನೆಟ್ಟ ಒಂದು ಗೂಟ, ಅದರ ನೇರ ಹಿಂದೆ ಸೇತುವೆಯ ಒಂದು ಕಂಬ. ಎರಡು ಗೆರೆಗಳು ಕೂಡುವ ಜಾಗ ಒಂದೇ. ನಾಳೆ ಬಂದರೂ, ಮುಂದಿನ ತಿಂಗಳು ಬಂದರೂ ಅದೇ ಜಾಗ.

ಮುಂದಿನ ವಸ್ತುವಿಗೂ ಹಿಂದಿನ ವಸ್ತುವಿಗೂ ದೂರ ಹೆಚ್ಚಿದ್ದಷ್ಟೂ ಗುರುತು ಹರಿತ. ಕಡಲಿನಲ್ಲಿ ಮೀನಿರುವ ಕಲ್ಲುಬಂಡೆಗಳ ಜಾಗವನ್ನು ಮೀನುಗಾರರು ತಲೆಮಾರುಗಳಿಂದ ನೆನಪಿಟ್ಟುಕೊಂಡದ್ದು ಹೀಗೆಯೇ, ಗುಡ್ಡದ ತುದಿ ಮತ್ತು ಗುಡಿಯ ಶಿಖರಗಳನ್ನು ಜೋಡಿಸಿ.

ಮೊಬೈಲ್‌ನ ಜಿಪಿಎಸ್ ಇದೆಯಲ್ಲ ಎನ್ನಬಹುದು. ಖಂಡಿತ ಬಳಸಿ, ನಕ್ಷೆಯ ಆ್ಯಪ್ ತೆರೆದು ನಿಂತ ಜಾಗವನ್ನು ಆ ಕ್ಷಣವೇ ಉಳಿಸಿಕೊಳ್ಳಿ. ತೆರೆದ ಆಕಾಶದ ಕೆಳಗೆ ಅದು ಸಾಮಾನ್ಯವಾಗಿ 5 ಮೀಟರ್ ಆಚೀಚೆ ಹೇಳುತ್ತದೆ, ಗುಡ್ಡದ ಮಗ್ಗುಲಲ್ಲಿ ಅಥವಾ ಮರಗಳ ಕೆಳಗೆ ಇನ್ನಷ್ಟು ತಪ್ಪುತ್ತದೆ. ದಡದ ಎರಡು ಗೆರೆಗಳನ್ನು ಫೋಟೊ ತೆಗೆದಿಟ್ಟುಕೊಂಡರೆ ಎರಡೂ ಸೇರಿ ಒಂದನ್ನೊಂದು ತಿದ್ದುತ್ತವೆ. ನೀರಿಗೆ ಬಿದ್ದದ್ದು ಮೊಬೈಲೇ ಆಗಿದ್ದರೆ ಪಕ್ಕದವರದ್ದು ಕೇಳಿ.

ಬಿದ್ದದ್ದು ನೇರ ಕೆಳಗೆ ಹೋಗುತ್ತದೆಯೇ?

ಇದು ವಸ್ತುವಿನ ಸಾಂದ್ರತೆಯ ಮೇಲೆ ನಿಂತಿದೆ. ಸಾಂದ್ರತೆ ಎಂದರೆ ಒಂದೇ ಗಾತ್ರದ ನೀರಿಗೆ ಹೋಲಿಸಿದರೆ ಆ ವಸ್ತು ಎಷ್ಟು ಪಟ್ಟು ಭಾರ ಎಂಬುದು. ನೀರಿನದು 1 ಎಂದಿಟ್ಟುಕೊಂಡರೆ ಸಾಧಾರಣ ಕಲ್ಲಿನದು ಎರಡೂವರೆಯ ಆಸುಪಾಸು, ಕಬ್ಬಿಣದ್ದು 7.8, ಅಪ್ಪಟ ಚಿನ್ನದ್ದು 19.3. ಒಡವೆಯ 22 ಕ್ಯಾರೆಟ್ ಚಿನ್ನದಲ್ಲಿ ಬೇರೆ ಲೋಹ ಬೆರೆತಿರುವುದರಿಂದ ತುಸು ಕಡಿಮೆ. ಗಾಜು, ಲೋಹ, ಪ್ಲಾಸ್ಟಿಕ್ ಎಲ್ಲ ಸೇರಿದ ಮೊಬೈಲ್‌ನದು ಸುಮಾರು 2 ಮಾತ್ರ.

ಆದ್ದರಿಂದ ಚಿನ್ನದ ಉಂಗುರ ಅಳುಕದೆ ಇಳಿಯುತ್ತದೆ. 5 ಮೀಟರ್ ಆಳವನ್ನು ಕೆಲವೇ ಸೆಕೆಂಡುಗಳಲ್ಲಿ ಮುಟ್ಟುತ್ತದೆ. ಸೆಕೆಂಡಿಗೆ ಅರ್ಧ ಮೀಟರ್ ಹರಿವಿದ್ದು, ತಳ ಮುಟ್ಟಲು 5 ಸೆಕೆಂಡು ಹಿಡಿಯಿತು ಎಂದರೆ ಅದು ಬಿದ್ದ ಜಾಗದಿಂದ ಹರಿವಿನ ದಿಕ್ಕಿನಲ್ಲಿ ಎರಡೂವರೆ ಮೀಟರ್ ಸರಿದಿರುತ್ತದೆ, ಅಷ್ಟೆ. ಮೊಬೈಲ್ ಹಾಗಲ್ಲ. ಚಪ್ಪಟೆಯಾದ ಹಗುರ ವಸ್ತು ಅರಳಿ ಎಲೆ ಬೀಳುವಂತೆ ಆ ಕಡೆ ಈ ಕಡೆ ತೂಗುತ್ತ ಇಳಿಯುತ್ತದೆ. ಎಲ್ಲಿ ಕೂರುತ್ತದೆ ಎಂದು ಹೇಳುವುದು ಕಷ್ಟ. ಪರ್ಸ್ ಸ್ವಲ್ಪ ಹೊತ್ತು ತೇಲಿ, ನೀರು ಕುಡಿದು, ಎಲ್ಲೋ ದೂರ ಹೋಗಿ ಮುಳುಗುತ್ತದೆ. ಹುಡುಕುವ ವೃತ್ತವನ್ನು ಬೆಂಡಿನ ಸುತ್ತ ಸಮನಾಗಿ ಎಳೆಯದೆ ಹರಿವಿನ ದಿಕ್ಕಿಗೆ ಚಾಚಿ ಎಳೆಯುವುದು ಇದಕ್ಕಾಗಿ.

ತಳ ಮುಟ್ಟಿದ ಮೇಲೂ ಪ್ರಯಾಣ ಮುಗಿಯುವುದಿಲ್ಲ. ಗಟ್ಟಿ ಕಲ್ಲಿನ ತಳವಾದರೆ ಸಂದಿಗೆ ಹೊಕ್ಕು ಕೂರುತ್ತದೆ. ಮರಳಿನ ತಳದಲ್ಲಿ ಹರಿವು ವಸ್ತುವಿನ ಸುತ್ತಲಿನ ಮರಳನ್ನು ಕೆರೆಯುತ್ತದೆ. ಅಲೆ ಹಿಂದೆ ಸರಿಯುವಾಗ ಕಡಲತೀರದಲ್ಲಿ ನಿಮ್ಮ ಹಿಮ್ಮಡಿಯ ಕೆಳಗಿನ ಮರಳು ಜಾರುವುದಿಲ್ಲವೇ, ಹಾಗೆ. ಭಾರದ ವಸ್ತು ಆ ಗುಂಡಿಗೆ ಇಳಿಯುತ್ತದೆ, ಮೇಲೆ ಮರಳು ಮುಚ್ಚುತ್ತದೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದ ಜಲಗಾರರು ನೆಚ್ಚಿದ್ದು ಚಿನ್ನದ ಇದೇ ಗುಣವನ್ನು: ಅದು ಸದಾ ಕೆಳಗೆ ಹೋಗುತ್ತದೆ, ಹಗುರವಾದದ್ದು ಕೊಚ್ಚಿಹೋದರೂ ಅದು ಹೋಗುವುದಿಲ್ಲ. ಉಂಗುರ ಕಳೆದುಕೊಂಡವರಿಗೆ ಇದು ಒಳ್ಳೆಯ ಸುದ್ದಿಯೂ ಹೌದು, ಕೆಟ್ಟ ಸುದ್ದಿಯೂ ಹೌದು. ದೂರ ಹೋಗಿಲ್ಲ, ಆದರೆ ದಿನ ಕಳೆದಂತೆ ಆಳಕ್ಕೆ ಹೋಗುತ್ತಿದೆ.

ಯಾವಾಗ ಇಳಿಯಬೇಕು

ಉಂಗುರ ಬಿದ್ದ ದಿನ ನಮ್ಮ ದೋಣಿಯವರು ನೀರಿಗಿಳಿಯಲು ಒಪ್ಪಲಿಲ್ಲ. "ಈಗ ಇಳಿತ ಜೋರಾಗಿದೆ, ನಾಳೆ ನೀರು ನಿಂತಾಗ ನೋಡೋಣ" ಎಂದರು. ನೀರು ನಿಲ್ಲುವುದೆಂದರೇನು?

ಕರಾವಳಿಯ ಅಳಿವೆಗಳಲ್ಲಿ, ಅಂದರೆ ಹೊಳೆ ಕಡಲು ಸೇರುವ ಕಡೆ, ದಿನಕ್ಕೆ ಎರಡು ಸಲ ಸಮುದ್ರದ ನೀರು ಒಳಗೆ ಏರುತ್ತದೆ, ಎರಡು ಸಲ ಹೊರಗೆ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಏರುವ ಹರಿವು ಇಳಿಯುವ ಹರಿವಾಗಿ ತಿರುಗುವಾಗ ನಡುವೆ ಸ್ವಲ್ಪ ಹೊತ್ತು ನೀರು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ನಿಲ್ಲುತ್ತದೆ. ಉಯ್ಯಾಲೆ ತುದಿಯಲ್ಲಿ ಒಂದು ಕ್ಷಣ ನಿಂತು ಹಿಂದಿರುಗುವ ಹಾಗೆ. ಹುಡುಕುವವರಿಗೆ ಬೇಕಾದದ್ದು ಆ ಹೊತ್ತು. ಅದರಲ್ಲೂ ಇಳಿತದ ಕೊನೆಯಲ್ಲಿ ಆಳವೂ ಕಡಿಮೆ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಏರಿಳಿತ ಬಿರುಸು. ಅಷ್ಟಮಿಯ ಆಸುಪಾಸಿನಲ್ಲಿ ಮಂದ. ಶರಾವತಿಯಲ್ಲಿ ಇನ್ನೊಂದು ತೊಡಕಿದೆ: ಮೇಲೆ ಗೇರುಸೊಪ್ಪೆಯ ವಿದ್ಯುದಾಗಾರ ನೀರು ಬಿಟ್ಟರೆ ಚಂದ್ರನ ಲೆಕ್ಕ ಮಾತ್ರ ನೋಡಿ ಪ್ರಯೋಜನವಿಲ್ಲ. ಊರಿನವರನ್ನೇ ಕೇಳಬೇಕು.

ಜಲಾಶಯಗಳಲ್ಲಿ ಲೆಕ್ಕ ದಿನದ್ದಲ್ಲ, ಋತುವಿನದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ಮುಳುಗಿದೆ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಇಡಿಯಾಗಿ ಎದ್ದು ನಿಲ್ಲುತ್ತದೆ. ಕನ್ನಂಬಾಡಿಯ ಹಳೆಯ ವೇಣುಗೋಪಾಲಸ್ವಾಮಿ ಗುಡಿಯೂ, ಬೇರೆ ಕಡೆಗೆ ಸ್ಥಳಾಂತರವಾಗುವ ಮೊದಲು, ಕೆಆರ್‌ಎಸ್ ಬತ್ತಿದ ವರ್ಷಗಳಲ್ಲಿ ಹೀಗೇ ಕಾಣುತ್ತಿತ್ತು. ಅಣೆಕಟ್ಟೆಯೇ ಹೊರಬರುವ ಕಡೆ, ದಡದ ಹತ್ತಿರ ಬಿದ್ದ ನಿಮ್ಮ ಬಳೆಯ ಜಾಗ ಮೇ ತಿಂಗಳಲ್ಲಿ ಒಣನೆಲವಾಗಬಹುದು. ಜಾಗದ ಗುರುತು ಕೈಯಲ್ಲಿದ್ದರೆ ಕಾಯುವುದೂ ಒಂದು ಉಪಾಯ.

ಮಳೆಗಾಲದ ಹೊಳೆ ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಒಂದು ಲಾರಿ ಗಂಗಾವಳಿಯ ಪಾಲಾಯಿತು. ಉಂಗುರದಷ್ಟಲ್ಲ, ಲಾರಿಯಷ್ಟು ದೊಡ್ಡ ವಸ್ತು. ನೌಕಾಪಡೆಯ ಮುಳುಗುತಜ್ಞರು ಬಂದರು, ನೀರಿನಡಿಯ ಶೋಧಕ್ಕೆ ಯಂತ್ರಗಳು ಬಂದವು. ರಭಸ ಮತ್ತು ಕೆಸರಿನ ಮುಂದೆ ಕೆಲಸ ಮತ್ತೆ ಮತ್ತೆ ನಿಂತಿತು. ಕೊನೆಗೆ ಗೋವಾದಿಂದ ಹೂಳೆತ್ತುವ ಡ್ರೆಜರ್ ತಂದು, ಸೆಪ್ಟೆಂಬರ್ 25ರಂದು ಲಾರಿಯನ್ನೂ ಅದರೊಳಗೆ ಚಾಲಕನ ದೇಹವನ್ನೂ ಹೊರತೆಗೆದರು.

ಹುಡುಕುವ ಕೈಗಳು, ಯಂತ್ರಗಳು

ಆಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಎಳೆಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಸ್ನಾನಘಟ್ಟಗಳಲ್ಲಿ ಭಕ್ತರು ಎಸೆದ ನಾಣ್ಯಗಳನ್ನು ಹುಡುಗರು ಹೀಗೆ ಎತ್ತುವುದನ್ನು ನೋಡಿರುತ್ತೀರಿ. ಈಗಿನ ಒಂದು, ಎರಡು ರೂಪಾಯಿಯ ಉಕ್ಕಿನ ನಾಣ್ಯಗಳು ಅದಕ್ಕೆ ಅಂಟುತ್ತವೆ. ಆದರೆ ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಯಾವುದೂ ಅಂಟುವುದಿಲ್ಲ. ಉಕ್ಕಿನ ಕೀಲಿಗೊಂಚಲಿಗೆ ಆಯಸ್ಕಾಂತ ಸರಿ. ಉಂಗುರಕ್ಕೆ ಅದನ್ನು ಎಳೆದಾಡಿದರೆ ಕೆಸರು ಕಲಕಿ, ಇದ್ದ ವಸ್ತುವನ್ನು ಇನ್ನಷ್ಟು ಹೂತಂತೆ. ಪಾತಾಳಗರಡಿಯೂ ಹಿಡಿಕೆ ಇರುವ ವಸ್ತುಗಳಿಗೆ ಮಾತ್ರ: ಚೀಲ, ಕ್ಯಾಮೆರಾದ ಪಟ್ಟಿ, ಲಂಗರು.

ನೀರು ತಿಳಿಯಾಗಿದ್ದರೆ ತಳಕ್ಕೆ ಗಾಜು ಕೂರಿಸಿದ ಬಕೆಟ್ಟು ಸಾಕು. ನೀರಿನ ಮೇಲ್ಮೈಯ ಮಿನುಗು ತಪ್ಪಿ ತಳ ನೇರವಾಗಿ ಕಾಣುತ್ತದೆ. ಒಂದು ಎಚ್ಚರಿಕೆ: ನೀರಿನೊಳಗಿನದು ನಮಗೆ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಮೇಲಿನಿಂದ ನೇರವಾಗಿ ನೋಡಿದರೆ 4 ಅಡಿ ಆಳದ್ದು 3 ಅಡಿಯಲ್ಲಿದ್ದಂತೆ ತೋರುತ್ತದೆ. ನೀರಿಗಿಳಿಸಿದ ಕೋಲು ಮುರಿದಂತೆ ಕಾಣುವುದಕ್ಕೂ ಕಾರಣ ಇದೇ, ಬೆಳಕಿನ ಬಾಗು.

ಲೋಹಶೋಧಕ, ಅಂದರೆ ಮಾಲ್‌ನ ಬಾಗಿಲಲ್ಲಿ ಮೈಮೇಲೆ ಆಡಿಸುವ ದಂಡದ ನೀರಿನ ರೂಪ, ಮಣ್ಣಿನೊಳಗಿನ ಉಂಗುರಕ್ಕೆ ಒಳ್ಳೆಯ ಉಪಕರಣ. ಅದರ ಸುರುಳಿಯಲ್ಲಿ ವಿದ್ಯುತ್ ಹಾಯಿಸಿದಾಗ ಹತ್ತಿರದ ಲೋಹದಲ್ಲಿಯೂ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆ ಮರುದನಿಯನ್ನು ಯಂತ್ರ ಹಿಡಿಯುತ್ತದೆ. ಉಪ್ಪುನೀರು ತಾನೇ ವಿದ್ಯುತ್ ಹರಿಸುವುದರಿಂದ ಸಾಮಾನ್ಯ ಶೋಧಕಗಳು ಕಡಲಿನಲ್ಲಿ ಸುಮ್ಮನೆ ಕೂಗುತ್ತವೆ. ಅಲ್ಲಿಗೆ ಬಿಟ್ಟುಬಿಟ್ಟು ಮಿಡಿಯುವ ಪಲ್ಸ್ ಬಗೆಯ ಶೋಧಕ ಬೇಕು. ಉಂಗುರದಂಥ ಸಣ್ಣ ವಸ್ತುವನ್ನು ಅದು ಒಂದು ಗೇಣಿನ ಆಸುಪಾಸಿನಲ್ಲಿ ಮಾತ್ರ ಗುರುತಿಸುತ್ತದೆ. ದೋಣಿಯಲ್ಲಿ ಕುಳಿತು ಮೇಲಿನಿಂದ ಆಡಿಸಿದರೆ ಏನೂ ಆಗದು. ಇನ್ನು ಬಾಟಲಿ ಮುಚ್ಚಳ, ಸಿಗರೇಟ್ ಪ್ಯಾಕಿನ ಹಾಳೆ, ಮೊಳೆಗಳಿಗೂ ಅದು ಅಷ್ಟೇ ಭಕ್ತಿಯಿಂದ ಕೂಗುತ್ತದೆ. ನಮ್ಮ ಪ್ರವಾಸಿ ತಾಣಗಳ ತಳದಲ್ಲಿ ಅವುಗಳಿಗೆ ಬರವಿಲ್ಲ.

ಸೋನಾರ್ ಶಬ್ದವನ್ನು ಕಳುಹಿಸಿ ಪ್ರತಿಧ್ವನಿಯಿಂದ ತಳದ ಚಿತ್ರ ಬಿಡಿಸುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಮುಳುಗಿದ ದೋಣಿ, ಎಂಜಿನ್, ವಾಹನಗಳಿಗೆ ಸೋನಾರ್ ಸರಿ. ಉಂಗುರಕ್ಕೆ, ಮೊಬೈಲ್‌ಗೆ ಅದು ಆನೆಯ ಕಾಲಲ್ಲಿ ಸಾಸಿವೆ ಹುಡುಕಿದಂತೆ.

ಹಾಗಾಗಿ ಸಣ್ಣ ಒಡವೆಗಳ ಮಟ್ಟಿಗೆ ಇಂದಿಗೂ ನಂಬಬೇಕಾದದ್ದು ಮನುಷ್ಯನ ಬೆರಳನ್ನು, ಅದಕ್ಕೆ ದಾರಿ ತೋರಿಸುವ ಹಗ್ಗವನ್ನು. ಮರುದಿನ ನಾನು ನೋಡಿದ್ದು ಅದನ್ನೇ. ದೋಣಿಯವರು ಬಳಚು ತೆಗೆಯುವ ಒಬ್ಬ ಯುವಕನನ್ನು ಕರೆದುಕೊಂಡು ಬಂದಿದ್ದರು. ಕೆಸರಿನಲ್ಲಿ ಹುದುಗಿದ ಚಿಪ್ಪುಗಳನ್ನು ಕಾಲಿನಲ್ಲಿ, ಕೈಯಲ್ಲಿ ತಡಕಿಯೇ ಗುರುತಿಸುವ ಅಭ್ಯಾಸ ಅವನದು. ಇಳಿತ ಮುಗಿದು ನೀರು ಎದೆಮಟ್ಟ ಇತ್ತು. ತೆಂಗು-ಮಾಡು, ಗೂಟ-ಕಂಬ ನೋಡಿ ದೋಣಿ ನಿಲ್ಲಿಸಿ, ಭಾರದ ಕಲ್ಲೊಂದನ್ನು ತಳಕ್ಕೆ ಬಿಟ್ಟರು. ಕಲ್ಲಿಗೆ ಕಟ್ಟಿದ ಹಗ್ಗದಲ್ಲಿ ಮೊಳಕ್ಕೊಂದು ಗಂಟು. ಯುವಕ ಮೊದಲ ಗಂಟು ಹಿಡಿದು, ಹಗ್ಗ ಬಿಗಿಯಾಗಿರುವಂತೆ ಎಳೆದುಕೊಂಡು, ಕಲ್ಲಿನ ಸುತ್ತ ಒಂದು ಸುತ್ತು ಬಂದ. ಸುತ್ತು ಮುಗಿದದ್ದು ತಿಳಿಯಲು ಒಂದು ಕೋಲು ನೆಟ್ಟಿದ್ದರು. ಆಮೇಲೆ ಎರಡನೆಯ ಗಂಟು, ಎರಡನೆಯ ಸುತ್ತು. ಗಾಣದ ಎತ್ತಿನ ಹಾಗೆ, ಆದರೆ ಪ್ರತಿ ಸಲ ಒಂದು ಮೊಳ ಹೊರಗೆ. ಹೀಗೆ ಮಾಡಿದರೆ ತಡಕದೆ ಬಿಟ್ಟ ಜಾಗವೂ ಉಳಿಯದು, ತಡಕಿದ್ದನ್ನೇ ಮತ್ತೆ ತಡಕುವುದೂ ಇಲ್ಲ. ಅವನು ಹೆಜ್ಜೆ ಊರಿ ನಡೆಯಲಿಲ್ಲ. ಊರಿದರೆ ಉಂಗುರ ಕೆಸರಿಗಿಳಿಯುತ್ತದೆ. ಹರಿವಿಗೆ ಎದುರಾಗಿ ಮುಖ ಮಾಡಿ ಕೈಯಾಡಿಸುತ್ತಿದ್ದ, ಕಲಕಿದ ಕೆಸರು ಹಿಂದಕ್ಕೆ ಹೋಗಲೆಂದು.

ಮೂರನೆಯ ಸುತ್ತಿನಲ್ಲಿ ಕೈ ಎತ್ತಿದ. ಅತ್ತಿಗೆ ಎದ್ದು ನಿಂತರು. ಬಂದದ್ದು ಒಂದು ಕೈಗಡಿಯಾರ, ಯಾರದೋ. ಐದನೆಯ ಸುತ್ತಿನಲ್ಲಿ, ಕಲ್ಲಿನಿಂದ ಕಡಲಿನ ದಿಕ್ಕಿಗೆ, ಒಂದು ಬೆರಳು ಕೆಸರಿನ ಕೆಳಗೆ ಉಂಗುರ ಸಿಕ್ಕಿತು.

ನೀವೇ ಧುಮುಕಬಾರದು ಏಕೆ

ಎದೆಮಟ್ಟದ ನಿಂತ ನೀರಿನ ಕತೆ ಅದು. ಆಳ ಹೆಚ್ಚಾದರೆ ಮಾತೇ ಬೇರೆ. ಪ್ರತಿ 10 ಮೀಟರ್‌ಗೆ ನೀರಿನ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. ಎರಡು ಮೂರು ಮೀಟರ್‌ನಲ್ಲೇ ಕಿವಿ ನೋಯಲು ತೊಡಗುತ್ತದೆ.

ಇದಕ್ಕಿಂತ ಅಪಾಯದ್ದು ಉಸಿರಿನ ಮೋಸ. ಹೆಚ್ಚು ಹೊತ್ತು ಮುಳುಗಿರಲೆಂದು ಕೆಲವರು ಮೊದಲು ಜೋರಾಗಿ ಹತ್ತಿಪ್ಪತ್ತು ಸಲ ಉಸಿರಾಡಿ ಧುಮುಕುತ್ತಾರೆ. ನಮಗೆ ಉಸಿರು ಕಟ್ಟಿದಂತಾಗುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾದದ್ದರಿಂದ ಅಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಾದದ್ದರಿಂದ. ಜೋರಾಗಿ ಉಸಿರಾಡಿದಾಗ ಆ ಅನಿಲ ಮೊದಲೇ ಹೊರಟುಹೋಗಿರುತ್ತದೆ. ಹಾಗಾಗಿ ಆಮ್ಲಜನಕ ತಳ ಕಂಡರೂ ದೇಹ ಎಚ್ಚರಿಸುವುದಿಲ್ಲ. ಮನುಷ್ಯ ನೀರಿನೊಳಗೇ ಪ್ರಜ್ಞೆ ತಪ್ಪುತ್ತಾನೆ. ಪೆಟ್ರೋಲ್ ಮುಗಿದಿದೆ, ಮುಳ್ಳು ಮಾತ್ರ ಇನ್ನೂ ತುಂಬಿದೆ ಎನ್ನುತ್ತಿದೆ. ಒಳ್ಳೆಯ ಈಜುಗಾರರೂ ಹೀಗೆ ಸಾಯುತ್ತಾರೆ.

ಬಲೆಯ ತುಂಡು, ಮುಳುಗಿದ ಮರದ ಬೊಡ್ಡೆ, ಅಣೆಕಟ್ಟೆಯ ಕೆಳಗೆ ಹೇಳದೆ ಏರುವ ನೀರು ಇದ್ದೇ ಇವೆ. ದಾಂಡೇಲಿಯ ಕಾಳಿಯಲ್ಲಿ, ರಂಗನತಿಟ್ಟಿನ ಸುತ್ತ ಕಾವೇರಿಯಲ್ಲಿ ಮೊಸಳೆಗಳೂ ಇವೆ. ಆಳದ ಕೆಲಸಕ್ಕೆ ತರಬೇತಿ ಪಡೆದ ಸ್ಕೂಬಾ ಮುಳುಗುಗಾರರನ್ನೇ ಕರೆಯಬೇಕು. ಮುರುಡೇಶ್ವರದ ಬಳಿ ನೇತ್ರಾಣಿಗೆ ಪ್ರವಾಸಿಗರನ್ನು ಕರೆದೊಯ್ಯುವವರು ಇರುವುದರಿಂದ ಕರಾವಳಿಯಲ್ಲಿ ಅಂಥವರು ಸಿಗುತ್ತಾರೆ. ಸಿಕ್ಕರೆ ಎಷ್ಟು, ಸಿಗದಿದ್ದರೆ ದಿನದ ಕೂಲಿ ಎಷ್ಟು ಎಂದು ಇಳಿಯುವ ಮೊದಲೇ ಮಾತಾಡಿಕೊಳ್ಳಿ. ಅಭಯಾರಣ್ಯದ ನೀರಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಮೇಲೆ ಬಂದ ಮೇಲೆ

ಚಿನ್ನಕ್ಕೆ ನೀರಿನಿಂದ ಏನೂ ಆಗದು. ಬೆಳ್ಳಿ ಕೆಸರಿನ ಗಂಧಕಕ್ಕೆ ಕಪ್ಪಾಗುತ್ತದೆ, ತಿಕ್ಕಿದರೆ ಬೆಳಗುತ್ತದೆ. ಕಷ್ಟವಿರುವುದು ಮೊಬೈಲ್‌ಗೆ.

ಜಾಹೀರಾತಿನಲ್ಲಿ ಕಾಣುವ ಐಪಿ67 ಎಂಬ ಗುರುತಿನ ಅರ್ಥ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆದುಕೊಳ್ಳುತ್ತದೆ ಎಂದು. ಐಪಿ68 ಎಂದರೆ ಅದಕ್ಕಿಂತ ಹೆಚ್ಚು. ಎಷ್ಟು ಎಂಬುದನ್ನು ತಯಾರಕರೇ ಹೇಳಿರುತ್ತಾರೆ. ಈ ಪರೀಕ್ಷೆ ನಡೆಯುವುದು ನಿಂತ ಸಿಹಿನೀರಿನಲ್ಲಿ, ಹೊಸ ಮೊಬೈಲ್‌ನ ಮೇಲೆ. ಒಂದೆರಡು ಸಲ ಕೆಳಗೆ ಬಿದ್ದು ಅಂಚು ಸಡಿಲವಾದ, ಅಂಗಡಿಯಲ್ಲಿ ಪರದೆ ಬದಲಿಸಿದ ಮೊಬೈಲ್‌ಗೆ ಆ ಮಾತು ಅನ್ವಯಿಸುವುದಿಲ್ಲ.

ಸಿಕ್ಕ ಕೂಡಲೇ ಆನ್ ಮಾಡಿ ನೋಡುವ ಆಸೆಯನ್ನು ತಡೆಯಿರಿ. ಒಳಗೆ ನೀರಿದ್ದಾಗ ವಿದ್ಯುತ್ ಹರಿದರೆ ಉಳಿದದ್ದೂ ಸುಡುತ್ತದೆ. ಚಾರ್ಜಿಗಂತೂ ಹಾಕಲೇಬೇಡಿ; ಉಪ್ಪುನೀರು ಹೊಕ್ಕ ಲಿಥಿಯಂ ಬ್ಯಾಟರಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಕಡಲ ನೀರಿಗೆ ಬಿದ್ದದ್ದಾದರೆ ಸಿಹಿನೀರಿನಲ್ಲಿ ಅದ್ದಿ ತೆಗೆದು, ಒರೆಸಿ, ದುರಸ್ತಿ ಮಾಡುವವರ ಬಳಿ ಒಯ್ಯಿರಿ. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಲಾಭವಿಲ್ಲ. ಅಕ್ಕಿಯ ಪುಡಿ ಒಳಹೋಗಬಹುದೆಂದು ಆ್ಯಪಲ್ ಕಂಪನಿಯೇ ಅದನ್ನು ಬೇಡವೆಂದಿದೆ. ಮೊಬೈಲ್ ಸತ್ತರೂ ಸಿಮ್ ಮತ್ತು ಮೆಮೊರಿ ಕಾರ್ಡ್ ಬದುಕಿರುವ ಸಂಭವ ಹೆಚ್ಚು, ಏಕೆಂದರೆ ಅವು ವಿದ್ಯುತ್ ಇಲ್ಲದೆಯೂ ನೆನಪಿಟ್ಟುಕೊಳ್ಳುತ್ತವೆ. ಕ್ಯಾಮೆರಾ ಬಿದ್ದವರು ಕಾರ್ಡಿಗಾಗಿಯಾದರೂ ಹುಡುಕಿಸುವುದು ಇದಕ್ಕೇ.

ಸಿಗಲಿಲ್ಲವೆಂದಾದರೆ ಸಿಮ್ ನಿಲ್ಲಿಸಿ, ಬ್ಯಾಂಕಿಗೆ ತಿಳಿಸಿ, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಮೊಬೈಲನ್ನೇ ತಡೆಹಿಡಿಸಿ. ನೀರಿನಲ್ಲಿ ಬಿದ್ದದ್ದು ಇನ್ನೊಬ್ಬರ ಕೈಗೆ ಎಂದೂ ಸಿಗುವುದಿಲ್ಲ ಎನ್ನಲಾಗದು. ಆ ಗಡಿಯಾರ ನಮಗೆ ಸಿಗಲಿಲ್ಲವೇ?

ಸಿಕ್ಕಿದ್ದು ಯಾರದು?

ಹೊಳೆಗೆ ಬಿದ್ದದ್ದು ಹೊಳೆಯದು, ಎತ್ತಿದವನೇ ಒಡೆಯ ಎಂಬ ನಂಬಿಕೆ ಇದೆ. ಕಾನೂನು ಹಾಗೆ ಹೇಳುವುದಿಲ್ಲ. ಕಳೆದುಕೊಂಡ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 71ನೇ ಕಲಮಿನ ಪ್ರಕಾರ, ಬೇರೆಯವರ ವಸ್ತು ಸಿಕ್ಕಿ ಅದನ್ನು ಕೈಗೆ ತೆಗೆದುಕೊಂಡವರು ಜೋಪಾನ ಮಾಡಲು ಕೊಟ್ಟ ವಸ್ತುವನ್ನು ನೋಡಿಕೊಳ್ಳುವಂತೆ ಅದನ್ನು ನೋಡಿಕೊಳ್ಳಬೇಕು. ಒಡೆಯರನ್ನು ಹುಡುಕುವ ಪ್ರಯತ್ನವನ್ನೇ ಮಾಡದೆ ತನ್ನದಾಗಿಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಡಿ ಅಪರಾಧವಾಗಬಹುದು. ಹುಡುಕಿಕೊಟ್ಟವರ ಪರವಾಗಿಯೂ ಮಾತಿದೆ: ಒಡೆಯರು ಇಂತಿಷ್ಟು ಬಹುಮಾನ ಕೊಡುತ್ತೇನೆಂದು ಸಾರಿದ್ದರೆ ಅದನ್ನು ಕೇಳಿ ಪಡೆಯುವ ಹಕ್ಕು ಅವರಿಗೆ ಕರಾರು ಕಾಯ್ದೆಯ 168ನೇ ಕಲಮಿನಲ್ಲಿದೆ. ಹಳೆಯ ನಾಣ್ಯ, ವಿಗ್ರಹದಂಥವು ಬಂದರೆ ಅದು ನಿಧಿ ಕಾಯ್ದೆಯ ವಿಷಯ, ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಉಂಗುರ ತೆಗೆದ ಯುವಕ ಗಡಿಯಾರವನ್ನು ತನ್ನ ಲುಂಗಿಯ ಅಂಚಿನಲ್ಲಿ ಒರೆಸಿ ಕಿವಿಗೆ ಹಿಡಿದು ನೋಡಿದ. "ಇದನ್ನೇನು ಮಾಡುವುದು?" ಎಂದು ದೋಣಿಯವರನ್ನು ಕೇಳಿದ. "ಯಾರದೋ ಮದುವೆಯದ್ದಿರಬೇಕು, ಕೊಟ್ಟುಬಿಡೋಣ" ಎಂದರು ಅವರು. ಸಂಜೆ ಮೂವರೂ ಠಾಣೆಗೆ ಹೋದೆವು. ಬರೆದುಕೊಳ್ಳುತ್ತಿದ್ದ ಸಿಬ್ಬಂದಿ ಗಡಿಯಾರವನ್ನು ತಿರುಗಿಸಿ ಮುರುಗಿಸಿ ನೋಡಿ, ಯಾವ ಜಾಗ ಎಂದು ಕೇಳಿದರು. ದೋಣಿಯವರು ಹೇಳತೊಡಗಿದರು: ಬಾಗಿದ ತೆಂಗಿನ ಹಿಂದೆ ಮಾಡಿನ ತುದಿ, ಗೂಟದ ಹಿಂದೆ ಸೇತುವೆಯ ಕಂಬ. ಸಿಬ್ಬಂದಿ ಪೆನ್ನು ಕೆಳಗಿಟ್ಟು ಒಂದು ಕ್ಷಣ ಅವರ ಮುಖ ನೋಡಿದರು. ಆಮೇಲೆ ಪುಸ್ತಕದಲ್ಲಿ "ಹೊಳೆಯಲ್ಲಿ ಸಿಕ್ಕ ಕೈಗಡಿಯಾರ 1, ಓಡುತ್ತಿಲ್ಲ" ಎಂದು ಬರೆದುಕೊಂಡರು.